ಮೌನಕ್ಕೂ ಬೆಲೆಯುಂಟು

ಇಂಗ್ಲೆಂಡ್ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಲಂಡನ್ ಮಹಾನಗರ: ಥೇಮ್ಸ್ ನದಿ, ಅದರ ಸೇತುವೆಗಳು, ಗಡಿಯಾರದ ಗೋಪುರ, ಎರಡಂತಸ್ತಿನ ಕೆಂಪು ಬಸ್ಸುಗಳು. ಆದರೆ ಆ ನಗರದಲ್ಲಿ ದುಡಿಯುವ ಮಧ್ಯಮವರ್ಗದ ಗೃಹಸ್ಥನ ಮನಸ್ಸಿನಲ್ಲಿರುವ ಚಿತ್ರವೇ ಬೇರೆ. ಹಿಂದೆ ಮುಂದೆ ತೋಟವಿರುವ ಸ್ವಂತ ಮನೆ, ಸುತ್ತಲೂ ಹಸುರು ಬೇಲಿ, ಕೂಗಳತೆಯಲ್ಲಿ ಹೊಲ ಮತ್ತು ಕಾಡು. ಆದರೂ ನಡೆದು ಹೋಗುವಷ್ಟು ಸಮೀಪದಲ್ಲಿ ರೈಲ್ವೆ ನಿಲ್ದಾಣ. ಪಟ್ಟಣದ ಸಂಬಳವೂ ಬೇಕು, ಹಳ್ಳಿಯ ನೆಮ್ಮದಿಯೂ ಬೇಕು ಎಂಬ ಈ ಹಂಬಲದಿಂದ ಬೆಳೆದ ಊರುಗಳು ಲಂಡನ್ನಿನ ಸುತ್ತ ಅನೇಕ ಉಂಟು. ಅವುಗಳಲ್ಲೊಂದು ಚೋರ್ಲಿವುಡ್.

ಲಂಡನ್ನಿನಿಂದ ವಾಯುವ್ಯಕ್ಕೆ ಸುಮಾರು 20 ಮೈಲಿ ದೂರದಲ್ಲಿ, ಹರ್ಟ್‌ಫರ್ಡ್‌ಷೈರ್ ಕೌಂಟಿಯ ಅಂಚಿನಲ್ಲಿ, ಚಿಲ್ಟರ್ನ್ ಗುಡ್ಡಗಳ ಮಗ್ಗುಲಲ್ಲಿ ಈ ಊರಿದೆ. ಬೀಚ್ ಮರಗಳ ನೆರಳಿನ ಓಣಿಗಳು, ಕೆಂಪು ಹೆಂಚಿನ ಮನೆಗಳು. ಹಲವು ಮನೆಗಳನ್ನು ಗುರುತಿಸುವುದು ಸಂಖ್ಯೆಯಿಂದಲ್ಲ, ಹೆಸರಿನಿಂದ. ಊರಿನ ನಡುವೆ ಸುಮಾರು 200 ಎಕರೆಗಳ ಬಯಲು. ನಮ್ಮ ಹಳ್ಳಿಗಳ ಗೋಮಾಳದಂತೆ ಹಿಂದೆ ಅದು ದನಕುರಿಗಳ ಮೇವಿನ ನೆಲವಾಗಿತ್ತು. ಇಂದು ಅಲ್ಲಿ ಕ್ರಿಕೆಟ್ ನಡೆಯುತ್ತದೆ, ಗಾಲ್ಫ್ ನಡೆಯುತ್ತದೆ. ನಾಯಿಗಳನ್ನು ಕರೆದುಕೊಂಡು ವೃದ್ಧ ದಂಪತಿಗಳು ವಾಯುವಿಹಾರಕ್ಕೆ ಹೊರಡುತ್ತಾರೆ.

ಇದನ್ನೆಲ್ಲ ನೋಡಿದವರಿಗೆ, ಶತಮಾನಗಳಿಂದ ಕಾಲದ ಸೋಂಕಿಲ್ಲದೆ ಉಳಿದ ಊರಿದು ಎನ್ನಿಸಿದರೆ ಆಶ್ಚರ್ಯವಿಲ್ಲ. ಆದರೆ ವಾಸ್ತವಸ್ಥಿತಿ ಹಾಗಿಲ್ಲ. ಈ ಮೌನವನ್ನು ಮೊದಲು ಮಾರಿದುದು ಒಂದು ರೈಲ್ವೆ ಕಂಪನಿ. ಬಳಿಕ ಅದನ್ನು ಕಾಪಾಡಿದುದು ದೇಶದ ಕಾನೂನು.

ರೈಲು ತಂದ ಹಳ್ಳಿ

ಜಗತ್ತಿನ ಪ್ರಥಮ ಸುರಂಗ ರೈಲನ್ನು 1863ರಲ್ಲಿ ಲಂಡನ್ನಿನಲ್ಲಿ ಓಡಿಸಿದ ಮೆಟ್ರೊಪಾಲಿಟನ್ ರೈಲ್ವೆ ಕಂಪನಿಯು ತನ್ನ ಹಳಿಗಳನ್ನು ಕ್ರಮೇಣ ಹೊರಗಿನ ಹೊಲಗಳತ್ತ ಚಾಚಿತು. 1889ರಲ್ಲಿ ಚೋರ್ಲಿವುಡ್ಡಿಗೆ ರೈಲು ಬಂದಿತು. ಹಳಿಗೆಂದು ಕೊಂಡು ಮಿಕ್ಕ ಭೂಮಿಯನ್ನು ಇತರ ರೈಲ್ವೆಗಳು ಸಾಮಾನ್ಯವಾಗಿ ಮಾರಿಬಿಡಬೇಕಾಗಿತ್ತು. ಈ ಕಂಪನಿಗೆ ಮಾತ್ರ ಅದನ್ನು ಇಟ್ಟುಕೊಂಡು ಬೆಳೆಸುವ ವಿಶೇಷಾಧಿಕಾರವಿತ್ತು. ಮನೆ ಕಟ್ಟಿಸಿದರೆ ಜನ ಬರುವರು, ಜನ ಬಂದರೆ ಪಾಸು ಕೊಳ್ಳುವರು ಎಂಬುದು ಅದರ ಲೆಕ್ಕಾಚಾರ. 1915ರಲ್ಲಿ ಈ ಸೀಮೆಗೆ ‘ಮೆಟ್ರೋಲ್ಯಾಂಡ್’ ಎಂದು ನಾಮಕರಣವಾಯಿತು. ಅದೇ ಹೆಸರಿನ ಸಚಿತ್ರ ಕೈಪಿಡಿಯೊಂದು 1932ರವರೆಗೆ ಪ್ರಕಟವಾಗುತ್ತ, ಹೊಗೆ ತುಂಬಿದ ನಗರದ ಓದುಗರ ಮುಂದೆ ಹೂದೋಟಗಳ ಕನಸನ್ನು ಹರಡಿತು. 1919ರಲ್ಲಿ ಮನೆಗಳ ವ್ಯವಹಾರಕ್ಕೆಂದೇ ಪ್ರತ್ಯೇಕ ಸಂಸ್ಥೆಯೂ ಸ್ಥಾಪಿತವಾಯಿತು.

ಚೋರ್ಲಿವುಡ್ಡಿನಲ್ಲಿ ಇದಕ್ಕೂ ಮೊದಲೇ, 1899ರ ಸುಮಾರಿಗೆ, ವಾಸ್ತುಶಿಲ್ಪಿ ಚಾರ್ಲ್ಸ್ ವಾಯ್ಸಿ ತನ್ನ ಕುಟುಂಬಕ್ಕಾಗಿ ‘ದಿ ಆರ್ಚರ್ಡ್’ ಎಂಬ ಮನೆಯನ್ನು ಕಟ್ಟಿಸಿಕೊಂಡಿದ್ದನು. ಬಿಳಿಯ ಗೋಡೆ, ಇಳಿಜಾರಾದ ದೊಡ್ಡ ಛಾವಣಿ, ಆಡಂಬರವಿಲ್ಲದ ಸರಳತೆ. ಮುಂದೆ ಇಂಗ್ಲೆಂಡಿನ ಉಪನಗರಗಳಲ್ಲಿ ಎದ್ದ ಅಸಂಖ್ಯ ಮನೆಗಳು ಇಂತಹ ಮನೆಗಳನ್ನೇ ಅನುಕರಿಸಿದುವು. ಅನುಕರಣದಲ್ಲಿ ಸೊಬಗು ಎಷ್ಟು ಉಳಿಯಿತೆಂಬುದು ಬೇರೆಯ ಮಾತು.

ಕಾನೂನಿನ ಬೇಲಿ

ಹೀಗೆ ಒಬ್ಬೊಬ್ಬರೂ ಹಸುರನ್ನು ಅರಸಿ ಬಂದರು. ಬಂದವರ ಮನೆಗಾಗಿ ಒಂದೊಂದು ಹೊಲವೂ ಅಳಿಯಿತು. ಎರಡು ಮಹಾಯುದ್ಧಗಳ ನಡುವೆ ಲಂಡನ್ನಿನ ವಿಸ್ತಾರ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಹೀಗೆಯೇ ಬಿಟ್ಟರೆ ಹಳ್ಳಿಯೆಂಬುದೇ ಉಳಿಯದೆಂಬ ಅಂಜಿಕೆಯಿಂದ 1938ರಲ್ಲಿ ಹಸುರು ವಲಯದ ಶಾಸನವಾಯಿತು. 1947ರ ಶಾಸನವು ಸರಕಾರದ ಅನುಮತಿಯಿಲ್ಲದೆ ಯಾರೂ ಹೊಸದಾಗಿ ಕಟ್ಟಲಾಗದೆಂದು ವಿಧಿಸಿತು. 1955ರಲ್ಲಿ ವಸತಿ ಸಚಿವ ಡಂಕನ್ ಸ್ಯಾಂಡಿಸ್, ನಗರಗಳ ಸುತ್ತ ಇಂತಹ ವಲಯಗಳನ್ನು ಗುರುತಿಸಬೇಕೆಂದು ದೇಶದ ಎಲ್ಲ ಕಡೆಗೂ ಸೂಚನೆ ಕಳುಹಿಸಿದರು. ಇಂದು ಲಂಡನ್ನನ್ನು ಸುತ್ತುವರಿದಿರುವ ಹಸುರು ವಲಯ ಸುಮಾರು 5 ಲಕ್ಷ ಹೆಕ್ಟೇರುಗಳಷ್ಟು ವಿಶಾಲವಾಗಿದೆ. ಚೋರ್ಲಿವುಡ್ಡಿನ ಕೊನೆಯ ಬೀದಿ ಮುಗಿದೊಡನೆ ಹೊಲ ಕಾಣಿಸುವುದು ಪ್ರಕೃತಿಯ ಕೃಪೆಯಿಂದಲ್ಲ, ನಕ್ಷೆಯ ಮೇಲೆ ಎಳೆದ ಗೆರೆಯಿಂದ.

ದಿನಚರಿ

ಮುಂಜಾನೆ ಊರಿನಲ್ಲಿ ಚಲನೆ ಕಾಣುವುದು ನಿಲ್ದಾಣದ ದಾರಿಯಲ್ಲಿ. 1961ರವರೆಗೆ ಇಲ್ಲಿಂದ ಹೊರಟ ರೈಲು ರಿಕ್‌ಮನ್ಸ್‌ವರ್ತ್‌ನಲ್ಲಿ ನಿಂತು, ಉಗಿಯ ಇಂಜಿನನ್ನು ಕಳಚಿ ವಿದ್ಯುತ್ತಿನ ಇಂಜಿನನ್ನು ಹೂಡಿಕೊಂಡು ಮುಂದುವರಿಯುತ್ತಿತ್ತು. ಈಗ ಅಂತಹ ತಡೆಯಿಲ್ಲ. 2020ರ ಮಹಾಮಾರಿಯ ಬಳಿಕ ವಾರದಲ್ಲಿ ಕೆಲವು ದಿನ ಮನೆಯಿಂದಲೇ ಕಚೇರಿಯ ಕೆಲಸ ಮಾಡುವವರೂ ಹೆಚ್ಚಿದ್ದಾರೆ. ಉದ್ಯೋಗಸ್ಥರು ನಗರಕ್ಕೂ ಮಕ್ಕಳು ಶಾಲೆಗೂ ಹೊರಟುಹೋದ ಮೇಲೆ ಓಣಿಗಳಲ್ಲಿ ಹಕ್ಕಿಗಳ ದನಿಯೇ ದೊಡ್ಡದಾಗುತ್ತದೆ. ತಲೆಯೆತ್ತಿದರೆ ಆಕಾಶದಲ್ಲಿ ಕೆಂಪು ಹದ್ದು ಗಿರಕಿ ಹೊಡೆಯುತ್ತಿರುತ್ತದೆ. ಇಂಗ್ಲೆಂಡಿನಲ್ಲಿ ನಿರ್ವಂಶವಾಗಿದ್ದ ಈ ಹಕ್ಕಿಯನ್ನು 1989ರಿಂದ 1994ರವರೆಗೆ ಸ್ಪೇನಿನಿಂದ ತಂದು ಚಿಲ್ಟರ್ನ್ ಗುಡ್ಡಗಳಲ್ಲಿ ಬಿಟ್ಟರು.

ಜೂನ್ ತಿಂಗಳಲ್ಲಿ ರಾತ್ರಿ ಹತ್ತರ ಸುಮಾರಿಗೂ ಬಾನಂಚಿನಲ್ಲಿ ಬೆಳಕಿನ ಸುಳಿವಿರುತ್ತದೆ. ಹುಲ್ಲು ಕತ್ತರಿಸುವ ಯಂತ್ರದ ಸದ್ದು ಬೇಲಿಯಿಂದ ಬೇಲಿಗೆ ಹಾಯುತ್ತದೆ. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೆ ಮೊದಲೇ ಸೂರ್ಯ ಮುಳುಗುತ್ತಾನೆ. ಆಗ ಪರದೆ ಎಳೆದ ಕಿಟಕಿಗಳ ಹಿಂದೆ ಒಂದೊಂದು ಮನೆಯೂ ಒಂದೊಂದು ದ್ವೀಪ.

ನೆರೆಹೊರೆಯ ಶಿಷ್ಟಾಚಾರವೂ ಅದಕ್ಕೆ ತಕ್ಕಂತೆಯೇ ಇದೆ. ಎದುರಾದಾಗ ಮುಗುಳ್ನಗೆ, ಹವೆಯ ಕುರಿತು ಒಂದೆರಡು ಮಾತು. ಹೇಳಿಕಳುಹಿಸದೆ ಪರರ ಮನೆಗೆ ನುಗ್ಗುವ ವಾಡಿಕೆಯಿಲ್ಲ. ಇದು ನಿಷ್ಠುರತೆಯಲ್ಲ, ಇನ್ನೊಬ್ಬರ ಏಕಾಂತವನ್ನು ಗೌರವಿಸುವ ಬಗೆ. ಆದರೆ ಏಕಾಂತಕ್ಕೂ ಒಂಟಿತನಕ್ಕೂ ನಡುವಿನ ಗೋಡೆ ಬಹಳ ತೆಳುವು. ಹಿಂದೆ ಪ್ರತಿ ಮುಂಜಾನೆಯೂ ಬಾಗಿಲಿಗೆ ಹಾಲಿನ ಶೀಷೆ ಬರುತ್ತಿದ್ದ ಕಾಲದಲ್ಲಿ, ಅದು ಮಧ್ಯಾಹ್ನದವರೆಗೂ ಹಾಗೆಯೇ ಉಳಿದರೆ ನೆರೆಯವರಿಗೆ ಸಂಶಯ ಮೂಡುತ್ತಿತ್ತು. ಈಗ ಹಾಲು ಬಹುಮಟ್ಟಿಗೆ ಅಂಗಡಿಯಿಂದ ಬರುತ್ತದೆ. ಆ ಗುರುತೂ ಮಾಯವಾಯಿತು. ಒಂಟಿತನದ ಸಮಸ್ಯೆಯನ್ನು ನೋಡಿಕೊಳ್ಳಲು ಬ್ರಿಟಿಷ್ ಸರಕಾರವು 2018ರಲ್ಲಿ ಒಬ್ಬ ಸಚಿವರನ್ನೇ ನೇಮಿಸಬೇಕಾಯಿತೆಂಬುದು ಆಲೋಚಿಸತಕ್ಕ ಸಂಗತಿ.

ದುಡಿದು ಉಳಿಸಿದ ಶಾಂತಿ

ಈ ಊರಿನ ಶಾಂತಿ ತಾನಾಗಿ ಉಳಿಯುವ ವಸ್ತುವಲ್ಲ. ದನಗಳ ಮೇವು ನಿಂತ ಮೇಲೆ ಬಯಲಿನಲ್ಲಿ ಪೊದೆ ಬೆಳೆದು ಕಾಡಾಗತೊಡಗುತ್ತದೆ; ಕಡಿದು ಸವರದಿದ್ದರೆ ಬಯಲೇ ಇಲ್ಲ. ಆ ಹೊಣೆಯನ್ನು ಹೊತ್ತಿರುವುದು ನಮ್ಮ ಪಂಚಾಯಿತಿಯನ್ನು ಹೋಲುವ ಪ್ಯಾರಿಷ್ ಕೌನ್ಸಿಲ್. ಊರಿನ ಬದಿಯಲ್ಲಿ ಹರಿಯುವ ಚೆಸ್ ನದಿಯದು ಸುಣ್ಣಕಲ್ಲಿನ ಒಡಲಿನಿಂದ ಒಸರುವ ಸ್ಫಟಿಕದಂತಹ ನೀರು. ಅದೇ ಕಲ್ಲಿನ ಒಡಲಿನಿಂದ ಮನೆಮನೆಗೆ ನೀರನ್ನು ಎತ್ತಿದಷ್ಟೂ ಇಂತಹ ನದಿಗಳು ಸೊರಗುತ್ತವೆ. 1986ರಲ್ಲಿ ಪೂರ್ಣಗೊಂಡ, ಲಂಡನ್ನನ್ನು ಬಳಸಿ ಓಡುವ ಎಂ 25 ಹೆದ್ದಾರಿ ಊರಿನ ಪಕ್ಕದಲ್ಲೇ ಹಾಯುತ್ತದೆ. ಗಾಳಿ ಅತ್ತಣಿಂದ ಬೀಸಿದರೆ ಅದರ ಮೊರೆತ ತೋಟದೊಳಕ್ಕೂ ಬರುತ್ತದೆ.

ಇನ್ನೊಂದು ವಿನೋದವುಂಟು. ಅವಸರವನ್ನು ದೂರವಿಟ್ಟ ಈ ಊರಿನ ಹೆಸರು ಪ್ರಪಂಚದಲ್ಲೆಲ್ಲ ಹಬ್ಬಿರುವುದು ಅವಸರದ ರೊಟ್ಟಿಯಿಂದ! ಹಿಟ್ಟನ್ನು ಗಂಟೆಗಟ್ಟಲೆ ಹುದುಗಲು ಬಿಡುವ ಬದಲು ಕೆಲವೇ ನಿಮಿಷ ರಭಸದಿಂದ ನಾದಿ ಬ್ರೆಡ್ ತಯಾರಿಸುವ ‘ಚೋರ್ಲಿವುಡ್ ವಿಧಾನ’ವನ್ನು ಇಲ್ಲಿನ ಸಂಶೋಧನಾಲಯವು 1961ರಲ್ಲಿ ರೂಪಿಸಿತು. ಇಂದು ಬ್ರಿಟನ್ನಿನ ಬಹುಪಾಲು ಬ್ರೆಡ್ ಹೀಗೆಯೇ ತಯಾರಾಗುತ್ತದೆ.

ಮುಂದಿನವರ ಪಾಲು

ಬೇಲಿಯಿಂದ ಹೊಲಗಳು ಉಳಿದುವು. ಆದರೆ ಮನೆಗಳ ಸಂಖ್ಯೆ ಬೆಳೆಯದುದರಿಂದ ಬೆಲೆ ಗಗನಕ್ಕೇರಿತು. ಹಸುರು ವಲಯ ಇದಕ್ಕೆ ಏಕೈಕ ಕಾರಣವಲ್ಲದಿದ್ದರೂ ಮುಖ್ಯ ಕಾರಣಗಳಲ್ಲೊಂದು. ಹಿಂದೆ ಸಾಧಾರಣ ಗುಮಾಸ್ತನನ್ನು ಕೈಬೀಸಿ ಕರೆದ ಈ ಸೀಮೆಯಲ್ಲಿ ಇಂದು ಸಾಧಾರಣ ಸಂಬಳದ ಶಿಕ್ಷಕಿಯೋ ದಾದಿಯೋ ಮನೆ ಕೊಳ್ಳುವುದು ದುಸ್ಸಾಧ್ಯ. ಇಲ್ಲಿಯೇ ಆಡಿ ಬೆಳೆದ ಮಕ್ಕಳು ದೊಡ್ಡವರಾಗಿ ಬೇರೆಡೆ ಬಾಡಿಗೆಯ ಕೋಣೆ ಹುಡುಕಬೇಕು. ತಾಯಿತಂದೆಗಳು ದೊಡ್ಡ ಮನೆಯಲ್ಲಿ ಇಬ್ಬರೇ, ಕೊನೆಗೆ ಒಬ್ಬರೇ ಉಳಿಯಬೇಕು.

2024ರ ಡಿಸೆಂಬರಿನಲ್ಲಿ ಸರಕಾರವು ನಿಯಮಗಳನ್ನು ತಿದ್ದಿ, ಹಸುರು ವಲಯದೊಳಗೆ ಮಹತ್ವ ಕಡಮೆಯಾದ ನೆಲವನ್ನು ‘ಬೂದು ವಲಯ’ವೆಂದು ಕರೆದು, ಅಲ್ಲಿ ಮನೆಗಳಿಗೆ ಅವಕಾಶ ತೆರೆಯಿತು. ಕಟ್ಟಿದರೆ ಮೌನ ಕದಡುವುದೆಂದು ಒಂದು ಪಕ್ಷ. ಕಟ್ಟದಿದ್ದರೆ ಆ ಮೌನದಲ್ಲಿ ಮಕ್ಕಳ ದನಿಯೇ ಇರದೆಂದು ಇನ್ನೊಂದು ಪಕ್ಷ. ಎರಡೂ ಸುಳ್ಳಲ್ಲ. ಇಂದು ಬೇಲಿಯ ಒಳಗಿರುವವರಲ್ಲಿ ಬಹುಮಂದಿಯ ಹಿರಿಯರು ಒಂದು ಕಾಲಕ್ಕೆ ಪೆಟ್ಟಿಗೆ ಹಿಡಿದು ರೈಲಿನಿಂದ ಇಳಿದವರೇ. ಅವರಿಗೂ ಯಾವುದೋ ಒಂದು ಹೊಲವೇ ಜಾಗ ಬಿಟ್ಟುಕೊಟ್ಟಿತ್ತು.