ಖಾರದ ಕೆಂಪು, ಅರಿಸಿನದ ಹಳದಿ: ಬಣ್ಣದ ಕುಲ ತಿಳಿಯುವ ಬಗೆ

ಒಣಮೆಣಸಿನಕಾಯಿಗೂ ಅರಿಸಿನಕ್ಕೂ ಪೇಟೆಯಲ್ಲಿ ಮೊದಲು ಬೆಲೆ ಕಟ್ಟುವುದು ಕಣ್ಣು. ಆದವಾನಿ, ಆಲೂರು ಕಡೆಯ ರೈತರು ಬ್ಯಾಡಗಿಗೆ ಕಾಯಿ ಒಯ್ದರೂ ಸರಿ, ತಾಳವಾಡಿಯವರು ಈರೋಡಿಗೆ ಅರಿಸಿನ ಹೇರಿಕೊಂಡು ಹೋದರೂ ಸರಿ, ಚೀಲದ ಬಾಯಿ ಬಿಚ್ಚಿದ ಕೂಡಲೆ ನೋಡುವುದು ಬಣ್ಣವನ್ನೇ. ಬಣ್ಣಕ್ಕೆ ಇಷ್ಟು ಬೆಲೆ ಇರುವುದರಿಂದಲೇ ಬಣ್ಣದ ಕಳ್ಳತನವೂ ಹುಟ್ಟಿಕೊಂಡಿದೆ. ಮಾಸಿದ ಕಾಯಿಗೆ, ಹುಳು ಹಿಡಿದ ಕೊಂಬಿಗೆ ಡಬ್ಬಿಯ ಬಣ್ಣ ಹಚ್ಚಿ ಹೊಸದೆಂದು ಮಾರುವವರು ಇದ್ದಾರೆ. ಅವರು ಮಾಡಿದ ಪಾಪಕ್ಕೆ ಬೆಲೆ ತೆರುವವನು ಮಾತ್ರ, ಯಾವ ಬಣ್ಣವನ್ನೂ ಮುಟ್ಟದ ರೈತ. ನಮ್ಮ ಊರಿನ ಕಡೆಯ ಒಬ್ಬರ ಹತ್ತು ಚೀಲ ಮೆಣಸಿನಕಾಯಿಯನ್ನು ಖರೀದಿದಾರನೊಬ್ಬನು ‘ಇದಕ್ಕೆ ಬಣ್ಣ ಹಾಕಿದೆ’ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಿ, ಸಂಜೆಯ ಹೊತ್ತಿಗೆ ಅದನ್ನೇ ಕಡಿಮೆ ದರಕ್ಕೆ ಕೊಂಡುಕೊಂಡದ್ದನ್ನು ನಾವು ಕಂಡಿದ್ದೇವೆ. ಆ ರೈತರ ಬಳಿ ಮರುಮಾತಿಗೆ ಆಧಾರವೇ ಇರಲಿಲ್ಲ.

ಆಧಾರ ಇಲ್ಲವೆಂದಲ್ಲ. ಬಣ್ಣ ಗಿಡದಿಂದ ಬಂದದ್ದೋ ಕಾರ್ಖಾನೆಯಿಂದ ಬಂದದ್ದೋ ಎಂಬುದನ್ನು ಬಿಡಿಸಿ ತೋರಿಸುವ ಒಂದು ಸರಳ ವಿದ್ಯೆ ಉಂಟು. ಅದಕ್ಕೆ ತೆಳುಪದರದ ಕ್ರೊಮ್ಯಾಟೋಗ್ರಫಿ ಎಂದು ಹೆಸರು. ಹೆಸರು ಬಾಯಿಗೆ ದೊಡ್ಡದಾಯಿತು. ಅರ್ಥ ‘ಬಣ್ಣದ ಬರವಣಿಗೆ’ ಎಂದಷ್ಟೇ. ಈ ಹೆಸರನ್ನು ಇಟ್ಟವರು ಮಿಖಾಯಿಲ್ ತ್ಸ್ವೆತ್ ಎಂಬ ರಷ್ಯದ ಸಸ್ಯಶಾಸ್ತ್ರಜ್ಞರು. ವಿಚಿತ್ರವೆಂದರೆ ರಷ್ಯನ್ ಭಾಷೆಯಲ್ಲಿ ‘ತ್ಸ್ವೆತ್’ ಎಂದರೆ ಬಣ್ಣವೇ! ಅವರು ವಾರ್ಸಾ ನಗರದಲ್ಲಿದ್ದಾಗ ಸೀಮೆಸುಣ್ಣದ ಪುಡಿ ತುಂಬಿದ ಗಾಜಿನ ಕೊಳವೆಯ ಮೇಲಿನಿಂದ ಎಲೆಯ ರಸವನ್ನು ಇಳಿಬಿಟ್ಟು ನೋಡಿದರು. ಒಂದೇ ಹಸಿರೆಂದು ತೋರುತ್ತಿದ್ದ ರಸವು ಹಸಿರು, ಹಳದಿ ಪಟ್ಟೆಗಳಾಗಿ ಬೇರೆ ಬೇರೆ ನಿಂತಿತು. ಇದನ್ನು ಅವರು ವಿವರವಾಗಿ ಪ್ರಕಟಿಸಿದ್ದು ೧೯೦೬ರಲ್ಲಿ. ಕೊಳವೆಯ ಬದಲು ಗಾಜಿನ ಮೇಲೆ ತೆಳ್ಳಗೆ ಬಳಿದ ಪದರದಲ್ಲಿ ಇದೇ ಕೆಲಸವನ್ನು ಮಾಡಬಹುದೆಂದು ೧೯೩೮ರಲ್ಲಿ ಖಾರ್ಕೋವಿನ ಇಜ್ಮಾಯಿಲೋವ್ ಮತ್ತು ಶ್ರೈಬರ್ ಎಂಬಿಬ್ಬರು ತೋರಿಸಿದರು. ೧೯೫೦ರ ದಶಕದ ಕೊನೆಯಲ್ಲಿ ಜರ್ಮನಿಯ ಈಗೋನ್ ಸ್ಟಾಲ್ ಅವರು ಪದರಕ್ಕೂ ಸಲಕರಣೆಗೂ ಒಂದು ಕಟ್ಟುಪಾಡು ಮಾಡಿದ ಮೇಲೆ ಅದು ಲೋಕದ ಪ್ರಯೋಗಶಾಲೆಗಳಲ್ಲೆಲ್ಲ ಬಳಕೆಗೆ ಬಂದಿತು.

ಇದು ಜರಡಿ ಹಿಡಿಯುವ ಕೆಲಸವಲ್ಲ, ಮೊರದಲ್ಲಿ ಕೇರುವ ಕೆಲಸವೂ ಅಲ್ಲ ಎಂಬುದನ್ನು ವಾಚಕರು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ಜಾತ್ರೆಯ ಬೀದಿಯನ್ನು ನೆನೆದರೆ ವಿಷಯ ತಿಳಿದೀತು. ಬೀದಿಯ ಒಂದು ತುದಿಯಿಂದ ನೂರು ಜನ ಒಟ್ಟಿಗೆ ಹೊರಟರೆನ್ನಿ. ಬಳೆಯ ಅಂಗಡಿ, ಮಂಡಕ್ಕಿಯ ಅಂಗಡಿ ಎಂದು ಹೆಜ್ಜೆಗೊಮ್ಮೆ ನಿಲ್ಲುವವರು ಹಿಂದೆ ಉಳಿಯುತ್ತಾರೆ. ಅಂಗಡಿಯ ಗೊಡವೆ ಇಲ್ಲದವರು ಜನದ ನೂಕಿನ ಜೊತೆಗೇ ತೇರಿನ ಮುಂದೆ ಹೋಗಿ ನಿಂತಿರುತ್ತಾರೆ. ಇಲ್ಲಿ ಅಂಗಡಿಗಳೆಂದರೆ ಸಿಲಿಕಾ ಜೆಲ್ ಎಂಬ ಬಿಳಿಯ ಪುಡಿಯ ಪದರ. ಹೊಸ ಚೀಲ, ಪಾದರಕ್ಷೆಗಳ ಪೆಟ್ಟಿಗೆಯಲ್ಲಿ ತೇವ ಹೀರಲೆಂದು ಪುಟ್ಟ ಪೊಟ್ಟಣದಲ್ಲಿ ಇಟ್ಟಿರುತ್ತಾರಲ್ಲ, ಆ ಕಾಳುಗಳದೇ ಜಾತಿ. ಜನದ ನೂಕೆಂದರೆ ಪದರದಲ್ಲಿ ಕೆಳಗಿನಿಂದ ಮೇಲಕ್ಕೆ, ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ, ಏರುವ ದ್ರಾವಕ. ಯಾವ ಬಣ್ಣಕ್ಕೆ ಸಿಲಿಕಾದ ಮೇಲೆ ಒಲವು ಹೆಚ್ಚೋ ಅದು ಕೆಳಗೆ ನಿಲ್ಲುತ್ತದೆ. ದ್ರಾವಕದ ಸಂಗ ಹಿತವಾದದ್ದು ಮೇಲೇರುತ್ತದೆ. ಒಂದೊಂದು ಬಣ್ಣದ ಒಲವು ಒಂದೊಂದು ತೆರನಾದ್ದರಿಂದ ಬೆರೆತವು ಬೇರೆಯಾಗುತ್ತವೆ.

ಪ್ರಯೋಗಶಾಲೆಯಲ್ಲಿ ಮಾಡುವ ಕ್ರಮ ಹೀಗೆ. ಗಾಜು ಅಥವಾ ಅಲ್ಯೂಮಿನಿಯಂ ತಗಡಿನ ಮೇಲೆ ಮಿಲಿಮೀಟರಿನ ಕಾಲು ಭಾಗದಷ್ಟು ದಪ್ಪಕ್ಕೆ ಸಿಲಿಕಾ ಬಳಿದ ಪಟ್ಟಿಯನ್ನು ತೆಗೆದುಕೊಳ್ಳುತ್ತಾರೆ. ಬುಡದಿಂದ ಒಂದೂವರೆ ಸೆಂಟಿಮೀಟರ್ ಮೇಲೆ ಸೀಸದಕಡ್ಡಿಯಿಂದ ಹಗುರವಾಗಿ ಗೆರೆ ಎಳೆಯುತ್ತಾರೆ. ಮಸಿಯ ಪೆನ್ನು ಕೂಡದು, ಏಕೆಂದರೆ ಮಸಿಯೂ ಬಣ್ಣವೇ ಆದ್ದರಿಂದ ಅದೂ ಓಡಲಾರಂಭಿಸುತ್ತದೆ. ಪರೀಕ್ಷಿಸಬೇಕಾದ ಪುಡಿಯನ್ನು ಸ್ಪಿರಿಟ್ಟಿನಲ್ಲಿ ಕುಲುಕಿ, ತಿಳಿಯನ್ನು ಕೂದಲೆಳೆಯಂಥ ಗಾಜಿನ ನಳಿಗೆಯಿಂದ ಗೆರೆಯ ಮೇಲೆ ಸಾಸಿವೆಯಷ್ಟು ಚುಕ್ಕೆಯಾಗಿ ಇಡುತ್ತಾರೆ. ಅದರ ಮಗ್ಗುಲಿಗೇ, ನಿಜವೆಂದು ಖಚಿತವಾಗಿ ಗೊತ್ತಿರುವ ಅರಿಸಿನದ ಚುಕ್ಕೆಯೊಂದು, ಸಂಶಯವಿರುವ ಕಳ್ಳಬಣ್ಣದ ಚುಕ್ಕೆಯೊಂದು. ಈ ಸಾಕ್ಷಿಯ ಚುಕ್ಕೆಗಳಿಲ್ಲದ ಪರೀಕ್ಷೆ ಪರೀಕ್ಷೆಯೇ ಅಲ್ಲ. ಬಳಿಕ ಪಟ್ಟಿಯನ್ನು ಮುಚ್ಚಳವುಳ್ಳ ಗಾಜಿನ ಭರಣಿಯಲ್ಲಿ ನಿಲ್ಲಿಸುತ್ತಾರೆ. ತಳದಲ್ಲಿರುವ ದ್ರಾವಕ ಚುಕ್ಕೆಗಳಿಗಿಂತ ಕೆಳಗಿರಬೇಕು. ಚುಕ್ಕೆ ಮುಳುಗಿದರೆ ಬಣ್ಣವೆಲ್ಲ ಭರಣಿಯೊಳಕ್ಕೆ ಕರಗಿ ಹೋಗುತ್ತದೆ. ದ್ರಾವಕವು ಮೇಲಿನ ಅಂಚಿಗೆ ಹತ್ತಿರವಾದಾಗ ಪಟ್ಟಿಯನ್ನು ಹೊರತೆಗೆದು, ಅದು ಮುಟ್ಟಿದ ಮಟ್ಟಕ್ಕೆ ಗುರುತು ಹಾಕಿ ಒಣಗಿಸುತ್ತಾರೆ.

ಆಮೇಲಿನದು ಮೂರನೆಯ ತರಗತಿಯ ಲೆಕ್ಕ. ಗೆರೆಯಿಂದ ದ್ರಾವಕ ೮ ಸೆಂಟಿಮೀಟರ್ ಏರಿ, ಬಣ್ಣದ ಚುಕ್ಕೆ ೬ ಸೆಂಟಿಮೀಟರ್ ಏರಿದ್ದರೆ, ಆರನ್ನು ಎಂಟರಿಂದ ಭಾಗಿಸಿದಾಗ ೦.೭೫ ಬರುತ್ತದೆ. ಅದೇ ಪದರ, ಅದೇ ದ್ರಾವಕವಾದರೆ ಅದೇ ಬಣ್ಣ ಮತ್ತೆ ಹೆಚ್ಚುಕಡಿಮೆ ಅಲ್ಲಿಯೇ ಬಂದು ನಿಲ್ಲುತ್ತದೆ. ಹವೆ, ತೇವ, ಪದರದ ದಪ್ಪ ಬದಲಾದರೆ ಅಂಕಿ ತುಸು ಜರಗುವುದುಂಟು. ಪಕ್ಕದಲ್ಲಿ ಸಾಕ್ಷಿಯ ಚುಕ್ಕೆ ಬೇಕೆಂದು ನಾವು ಒತ್ತಿ ಹೇಳಿದ್ದು ಇದಕ್ಕೇ.

ಅರಿಸಿನವನ್ನು ಹೀಗೆ ಓಡಿಸಿದರೆ ಒಂದಲ್ಲ, ಮೂರು ಹಳದಿ ಚುಕ್ಕೆಗಳು ಏಳುತ್ತವೆ. ೯೫ ಪಾಲು ಕ್ಲೋರೋಫಾರಂ, ೫ ಪಾಲು ಮೆಥನಾಲ್ ಬೆರೆಸಿದ ದ್ರಾವಕದಲ್ಲಿ ಎಲ್ಲಕ್ಕಿಂತ ಮೇಲೆ ನಿಲ್ಲುವುದು ಕರ್ಕ್ಯುಮಿನ್. ಅರಿಸಿನದ ಬಣ್ಣದ ದೊಡ್ಡ ಪಾಲು ಅದೇ. ಅದರ ಕೆಳಗೆ ಅದರ ಇಬ್ಬರು ದಾಯಾದಿಗಳು ಒಂದರ ಕೆಳಗೊಂದರಂತೆ ನಿಲ್ಲುತ್ತವೆ. ಈ ಮೂರು ಮೆಟ್ಟಿಲು ಅರಿಸಿನದ ಸಹಿ ಇದ್ದಂತೆ. ಈಗ ಮೆಟಾನಿಲ್ ಯೆಲ್ಲೋ ಎಂಬ ಡಬ್ಬಿಯ ಹಳದಿಯನ್ನು ನೋಡಿ. ಇದು ಬಟ್ಟೆ, ಚರ್ಮಕ್ಕೆ ಹಾಕುವ ಬಣ್ಣ, ಆಹಾರದಲ್ಲಿ ನಿಷಿದ್ಧ. ಅದು ಉಪ್ಪಿನ ಗುಣದ್ದು, ಸಿಲಿಕಾಕ್ಕೆ ಬಲವಾಗಿ ಅಂಟಿಕೊಳ್ಳುವುದರಿಂದ ಇದೇ ದ್ರಾವಕದಲ್ಲಿ ಬುಡದ ಗೆರೆಯ ಬಳಿಯೇ ಕುಳಿತುಬಿಡುತ್ತದೆ. ಮೇಲೆ ಮೂರು ಮೆಟ್ಟಿಲು, ಕೆಳಗೆ ಒಂದು ಕುಳಿತ ಹಳದಿ ಕಂಡರೆ ಬೆರಕೆಯಾಗಿದೆಯೆಂಬ ಸಂಶಯ ಬಲವಾಯಿತು. ಸಾಕ್ಷಿಯ ಚುಕ್ಕೆಯೂ ಹಾಗೆಯೇ ಕುಳಿತಿದ್ದರೆ ಆರೋಪಿಯ ಹೆಸರೂ ಗೊತ್ತಾಯಿತು.

ಮೆಣಸಿನಕಾಯಿಯ ವಿಷಯ ಇಷ್ಟು ಸಲೀಸಲ್ಲ. ಅದರ ಕೆಂಪು ಕ್ಯಾಪ್ಸಾಂಥಿನ್ ಮೊದಲಾದ ಬಣ್ಣಗಳ ದೊಡ್ಡ ಸಂಸಾರ. ಪಟ್ಟಿಯ ಮೇಲೆ ಕೆಂಪು, ಕಿತ್ತಳೆ, ಹಳದಿ ಎಂದು ಬಹಳ ಚುಕ್ಕೆಗಳು ಹರಡುತ್ತವೆ. ಸುಡಾನ್ ಎಂಬ ಹೆಸರಿನ ಕಳ್ಳಬಣ್ಣವೂ ಕಾಯಿಯ ಬಣ್ಣದಂತೆಯೇ ಎಣ್ಣೆಯಲ್ಲಿ ಕರಗುವುದರಿಂದ ಆ ಗುಂಪಿನೊಳಗೆ ನುಸುಳಿಕೊಳ್ಳಬಲ್ಲುದು. ಪರೀಕ್ಷಕರು ಒಂದಕ್ಕಿಂತ ಹೆಚ್ಚು ದ್ರಾವಕಗಳಲ್ಲಿ ಓಡಿಸಿ ನೋಡುತ್ತಾರೆ. ಇನ್ನೊಂದು ಸುಳಿವೂ ಇದೆ: ಕಾಯಿಯ ಸಹಜ ಬಣ್ಣ ಪಟ್ಟಿಯ ಮೇಲೆ ಗಾಳಿ ಬೆಳಕಿಗೆ ಬೇಗನೆ ಬಿಳಚಿಕೊಳ್ಳುತ್ತದೆ; ಸುಡಾನ್ ಹಾಗೆ ಬೇಗ ಮಾಸದು.

ಸುಡಾನಿನ ಕಥೆ ನಮ್ಮ ರೈತರಿಗೆ ಹೊರಗಿನದಲ್ಲ. ೨೦೦೩ರಲ್ಲಿ ಭಾರತದಿಂದ ಹೋದ ಖಾರದ ಪುಡಿಯಲ್ಲಿ ಈ ಬಣ್ಣ ಫ್ರಾನ್ಸಿನಲ್ಲಿ ಸಿಕ್ಕಿಬಿದ್ದಿತು. ಆ ವರ್ಷವೇ ಯೂರೋಪಿನ ಒಕ್ಕೂಟವು ಪರೀಕ್ಷೆಯ ಪತ್ರವಿಲ್ಲದ ಮೆಣಸಿನ ಸರಕು ಬೇಡವೆಂದು ಆಜ್ಞೆ ಮಾಡಿತು. ೨೦೦೫ರಲ್ಲಿ ಇಂಗ್ಲೆಂಡಿನಲ್ಲಿ ಬಣ್ಣ ಬೆರೆತ ಖಾರದ ಪುಡಿ ಒಂದು ಸಾಸಿನೊಳಗೆ ಸೇರಿ, ಆ ಸಾಸು ಬಳಸಿದ ನೂರಾರು ಬಗೆಯ ತಿನಿಸುಗಳನ್ನು ಅಂಗಡಿಗಳಿಂದ ಹಿಂದಕ್ಕೆ ತೆಗೆಯಬೇಕಾಯಿತು. ಯಾರೋ ಪುಡಿ ಮಾಡುವವರು ಹಾಕಿದ ಹಿಡಿ ಬಣ್ಣಕ್ಕೆ ದೇಶದ ಮೆಣಸಿನಕಾಯಿಗೇ ಕೆಟ್ಟ ಹೆಸರು ಬಂದಿತು ಎಂದರೆ ಅತಿಶಯವಲ್ಲ.

ಈ ವಿದ್ಯೆಯ ಮಿತಿಯನ್ನೂ ಹೇಳದಿದ್ದರೆ ಅನ್ಯಾಯವಾದೀತು. ದ್ರಾವಕದಲ್ಲಿ ಕರಗದ್ದು ಪದರದ ಮೇಲೆ ಓಡುವುದಿಲ್ಲ. ಅರಿಸಿನಕ್ಕೆ ಬಳಿಯುವ ಬಣ್ಣಗಳಲ್ಲಿ ಅತಿ ಕೆಟ್ಟದಾದ ಸೀಸದ ಕ್ರೋಮೇಟ್ ಇಂಥ ಖನಿಜದ ಪುಡಿ. ಸೀಸ ಮಕ್ಕಳ ಬುದ್ಧಿಯನ್ನು ಕುಂದಿಸುವ ವಿಷ. ೨೦೧೯ರಲ್ಲಿ ಬಾಂಗ್ಲಾದೇಶದಲ್ಲಿ ಇದರ ಬಳಕೆ ಬಯಲಾಗಿ, ಅಲ್ಲಿನ ಸರ್ಕಾರ ಅದನ್ನು ತಡೆಯಲು ಕಠಿಣ ಕ್ರಮ ಕೈಗೊಂಡಿತು. ಇದಕ್ಕೆ ಬೇರೆಯೇ ಪರೀಕ್ಷೆ ಬೇಕು. ಬೆರಕೆ ಎಷ್ಟು ಪ್ರಮಾಣದ್ದು ಎಂದು ನಿಖರವಾಗಿ ಅಳೆಯಲೂ ದೊಡ್ಡ ಯಂತ್ರಗಳೇ ಬೇಕಾಗುತ್ತವೆ.

ಕ್ಲೋರೋಫಾರಂ, ಮೆಥನಾಲ್‌ಗಳನ್ನು ಮನೆಯಲ್ಲಿ ಮುಟ್ಟುವ ಸಾಹಸ ಯಾರಿಗೂ ಬೇಡ. ಕಳ್ಳಭಟ್ಟಿಯಲ್ಲಿ ಬೆರೆತು ಕಣ್ಣು ಕಳೆಯುವ ಪದಾರ್ಥವೇ ಮೆಥನಾಲ್. ಆದರೆ ತತ್ತ್ವವನ್ನು ಮಕ್ಕಳಿಗೆ ತೋರಿಸಲು ಬಳಪದ ಕಡ್ಡಿ ಸಾಕು. ಬಿಳಿಯ ಬಳಪದ ಬುಡದಿಂದ ಎರಡು ಬೆರಳು ಮೇಲೆ ಕಪ್ಪು ಸ್ಕೆಚ್ ಪೆನ್ನಿನಿಂದ ಸುತ್ತ ಒಂದು ಬಳೆ ಬರೆದು, ಒಂದು ಬೆರಳು ನೀರಿರುವ ಬಟ್ಟಲಲ್ಲಿ ನಿಲ್ಲಿಸಿರಿ. ನೀರು ಏರುತ್ತಿದ್ದಂತೆ ಕಪ್ಪು ಒಡೆದು ಒಳಗಿದ್ದ ಬಣ್ಣಗಳೆಲ್ಲ ಹೊರಬೀಳುತ್ತವೆ. ಮಿಠಾಯಿಗೆ ಹಾಕುವ ಹಸಿರು ಪುಡಿಯನ್ನು ಸೋಸುಕಾಗದದ ಪಟ್ಟಿಯ ಮೇಲೆ ತುಸು ಉಪ್ಪುನೀರಿನಲ್ಲಿ ಓಡಿಸಿದರೆ ಹಳದಿಯೂ ನೀಲಿಯೂ ಅಗಲುವುದುಂಟು. ನಮ್ಮ ಶಾಲೆಯ ಮಕ್ಕಳು ಇದನ್ನು ಕಂಡು, ‘ಹಸಿರು ಎಲ್ಲಿಗೆ ಹೋಯಿತು ಮೇಷ್ಟ್ರೆ?’ ಎಂದು ಕೇಳಿದ್ದರು. ಒಳ್ಳೆಯ ಪ್ರಶ್ನೆ.

ಮನೆಯಲ್ಲಿ ಮಾಡಬಹುದಾದ ಮೊದಲ ಪರೀಕ್ಷೆ ಒಂದಿದೆ. ಗಾಜಿನ ಲೋಟದ ನೀರಿನ ಮೇಲೆ ಒಂದು ಚಮಚ ಖಾರದ ಪುಡಿ ಉದುರಿಸಿ ಕಲಕದೆ ನೋಡಿರಿ. ನೀರಲ್ಲಿ ಕರಗುವ ಬಣ್ಣ ಬೆರೆಸಿದ್ದರೆ ಕೆಂಪು ಎಳೆಗಳು ತಳಕ್ಕೆ ಇಳಿಯುತ್ತವೆ. ಇಟ್ಟಿಗೆ ಪುಡಿ ತಳದಲ್ಲಿ ಕೂರುತ್ತದೆ. ಸುಡಾನ್ ಮಾತ್ರ ನೀರಿನಲ್ಲಿ ಕರಗದಾದ್ದರಿಂದ ಇದಕ್ಕೆ ಸಿಕ್ಕುವುದಿಲ್ಲ. ಎಳೆ ಕಾಣಲಿಲ್ಲವೆಂದು ಪುಡಿ ಶುದ್ಧವೆನ್ನಲಾಗದು.

ಸಂಶಯ ಬಲವಾದರೆ ಕಾನೂನಿನ ದಾರಿ ಇದೆ. ೨೦೦೬ರ ಆಹಾರ ಸುರಕ್ಷತಾ ಕಾಯಿದೆ ಇಡೀ ದೇಶಕ್ಕೆ ಒಂದೇ ಆದ್ದರಿಂದ ಗಡಿಯ ಯಾವ ಬದಿಯಲ್ಲಿದ್ದರೂ ಹಕ್ಕು ಬೇರೆಯಾಗದು. ಅಧಿಕಾರಿಗಳಷ್ಟೇ ಅಲ್ಲ, ಕೊಂಡವನೂ ಶುಲ್ಕ ಕೊಟ್ಟು ಸರ್ಕಾರದ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಪರೀಕ್ಷೆಗೆ ಕಳಿಸುತ್ತೇನೆಂದು ಕೊಳ್ಳುವಾಗಲೇ ಅಂಗಡಿಯವನಿಗೆ ತಿಳಿಸಬೇಕು, ಅಷ್ಟೆ. ತಪ್ಪು ಸಾಬೀತಾದರೆ ಶುಲ್ಕ ಹಿಂದಕ್ಕೆ ಬರುತ್ತದೆ. ೨೦೨೪ರ ಫೆಬ್ರವರಿಯಲ್ಲಿ ತಮಿಳುನಾಡು, ಮಾರ್ಚಿಯಲ್ಲಿ ಕರ್ನಾಟಕ ಬೊಂಬಾಯಿ ಮಿಠಾಯಿಯ ಮೇಲೆ ಕ್ರಮ ಕೈಗೊಂಡದ್ದು ರೋಡಮೀನ್-ಬಿ ಎಂಬ ಗುಲಾಬಿ ಬಣ್ಣ ಪರೀಕ್ಷೆಯಲ್ಲಿ ಕಂಡುಬಂದ ಮೇಲೆಯೇ.

ಬೆಳೆದವರು ಮಾಡಬೇಕಾದದ್ದೂ ಸ್ವಲ್ಪ ಇದೆ. ಬಿಸಿಲು, ತೇವ ಎರಡೂ ಸಹಜ ಬಣ್ಣದ ಶತ್ರುಗಳು. ಕಾಯಿ ಚೆನ್ನಾಗಿ ಒಣಗಿದ ಮೇಲೆ ಕತ್ತಲೆಯ, ಒಣಗಿದ ಜಾಗದಲ್ಲಿ ಚೀಲವನ್ನು ಹಲಗೆಯ ಮೇಲಿಡಬೇಕು. ಅರಿಸಿನದ ಕೊಂಬನ್ನು ಪೀಪಾಯಿಯಲ್ಲಿ ಹೊಳಪು ಮಾಡಿಸುವಾಗ ಎದುರಿಗೇ ನಿಂತಿರಿ. ಮೇಲೆ ಚಿಮುಕಿಸುವುದು ಅರಿಸಿನದ ಪುಡಿ, ನೀರು ಇಷ್ಟೇ ಆಗಿರಲಿ. ‘ಹೊಳಪಿನ ಪುಡಿ’ ಎಂದು ಬೇರೇನನ್ನಾದರೂ ತಂದರೆ ಬೇಡವೆನ್ನಿರಿ. ಮಾರುವ ಮುನ್ನ ಪ್ರತಿ ರಾಶಿಯಿಂದ ಅರ್ಧ ಸೇರಿನಷ್ಟನ್ನು ಒಣಗಿದ ಸೀಸೆಗೆ ಹಾಕಿ, ಬಾಯಿ ಮುಚ್ಚಿ ಅರಗು ಒತ್ತಿ, ತಾರೀಖು ಬರೆದು, ಸಾಧ್ಯವಾದರೆ ಕೊಂಡವರ ರುಜು ಹಾಕಿಸಿ, ಬೆಳಕು ತಾಗದ ಕಡೆ ಒಂದು ವರ್ಷ ಇಟ್ಟಿರಿ. ನಾಳೆ ಯಾರಾದರೂ ಬಣ್ಣದ ಮಾತೆತ್ತಿದರೆ, ಅವರ ಚೀಲದ ಚುಕ್ಕೆಯ ಮಗ್ಗುಲಿಗೆ ಇಡಲು ಸಾಕ್ಷಿಯ ಚುಕ್ಕೆ ನಿಮ್ಮ ಅಟ್ಟದ ಮೇಲೆಯೇ ಇರುತ್ತದೆ.