ಜಕಣಾಚಾರಿ ಕಟ್ಟಿದ ಗುಡಿಗಳು

ಹಾವೇರಿಯ ಪುರಸಿದ್ಧೇಶ್ವರ ಗುಡಿಯನ್ನು ನೀವು ನೋಡಿರಬಹುದು. ಹೆಚ್ಚಿನ ಗುಡಿಗಳು ಮೂಡಣಕ್ಕೆ ಮುಖ ಮಾಡಿದ್ದರೆ ಇದು ಪಡುವಣಕ್ಕೆ ಮುಖ ಮಾಡಿ ನಿಂತಿದೆ. ಇದನ್ನು ಕಟ್ಟಿದವರು ಯಾರೆಂದು ಊರಿನ ಹಿರಿಯರನ್ನು ಕೇಳಿ ನೋಡಿ. 'ಜಕಣಾಚಾರಿ' ಎಂಬ ಉತ್ತರ ಬಂದರೆ ಆಶ್ಚರ್ಯವಿಲ್ಲ. ರಾಣೇಬೆನ್ನೂರು ತಾಲ್ಲೂಕಿನ ಚೌಡದಾನಪುರದಲ್ಲಿ, ತುಂಗಭದ್ರೆಯ ದಂಡೆಯ ಮುಕ್ತೇಶ್ವರನ ಮುಂದೆ ನಿಂತು ಕೇಳಿದರೂ ಅದೇ ಹೆಸರು. ದೂರದ ಬೇಲೂರು, ಹಳೇಬೀಡು, ಸೋಮನಾಥಪುರಗಳಲ್ಲಿಯೂ ಅದೇ. ಹಾಗಾದರೆ ಈ ಜಕಣಾಚಾರಿ ಯಾರು?

ಕತೆ ನಿಮಗೆ ಗೊತ್ತಿದೆ. ತುಮಕೂರು ಬಳಿಯ ಕೈದಾಳದ ಶಿಲ್ಪಿ ಮನೆ ಬಿಟ್ಟು ಹೊರಡುತ್ತಾನೆ. ಊರೂರಿನಲ್ಲಿ ಗುಡಿ ಕಟ್ಟುತ್ತಾ ಕೊನೆಗೆ ಬೇಲೂರಿಗೆ ಬರುತ್ತಾನೆ. ಅಲ್ಲಿ ಒಬ್ಬ ತರುಣ ಅವನ ವಿಗ್ರಹದ ಕಲ್ಲಿನಲ್ಲಿ ದೋಷವಿದೆ ಎನ್ನುತ್ತಾನೆ. ವಿಗ್ರಹಕ್ಕೆ ಗಂಧ ಬಳಿದಾಗ ಹೊಕ್ಕುಳ ಬಳಿ ಮಾತ್ರ ಒಣಗುವುದಿಲ್ಲ. ಉಳಿಯಿಟ್ಟು ನೋಡಿದರೆ ಒಳಗೆ ನೀರು, ನೀರಿನಲ್ಲಿ ಕಪ್ಪೆ! ಮಾತು ಕೊಟ್ಟಂತೆ ಶಿಲ್ಪಿ ತನ್ನ ಕೈಯನ್ನೇ ಕತ್ತರಿಸಿಕೊಳ್ಳುತ್ತಾನೆ. ಆ ತರುಣ ಅವನ ಮಗ ಡಂಕಣ. ಮುಂದೆ ಕೈದಾಳದಲ್ಲಿ ಚೆನ್ನಕೇಶವನ ಗುಡಿ ಕಟ್ಟಿದ ಮೇಲೆ ಕೈ ಮರಳಿ ಬರುತ್ತದೆ. 1964ರಲ್ಲಿ ಬಿ. ಎಸ್. ರಂಗಾ ಅವರು ನಿರ್ದೇಶಿಸಿದ, ಕನ್ನಡದ ಮೊದಲ ಪೂರ್ಣ ವರ್ಣಚಿತ್ರ 'ಅಮರಶಿಲ್ಪಿ ಜಕಣಾಚಾರಿ' ಈ ಕತೆಯನ್ನು ಮನೆಮನೆಗೆ ಮುಟ್ಟಿಸಿತು.

ಈಗ ಲೆಕ್ಕ ಹಾಕಿ ನೋಡಿ. ಹಾವೇರಿ, ಗಳಗನಾಥ, ಚೌಡದಾನಪುರಗಳ ಗುಡಿಗಳು 11-12ನೆಯ ಶತಮಾನದವು, ಕಲ್ಯಾಣ ಚಾಲುಕ್ಯರ ಕಾಲದ ಶೈಲಿಯವು. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ 1117ರಲ್ಲಿ, ಹೊಯ್ಸಳ ವಿಷ್ಣುವರ್ಧನನಿಂದ. ಸೋಮನಾಥಪುರದ ಗುಡಿ ಅದಕ್ಕೂ 140-150 ವರ್ಷ ಈಚಿನದು. ಎಷ್ಟೇ ಗಟ್ಟಿಗನಾದರೂ ಒಬ್ಬನ ಆಯುಷ್ಯಕ್ಕೆ ಇಷ್ಟೆಲ್ಲ ಹಿಡಿಸುವುದಿಲ್ಲ. ಕೈದಾಳದ ಶಾಸನವೂ ಅಲ್ಲಿ ಗುಡಿ ಕಟ್ಟಿಸಿದ ಕೀರ್ತಿಯನ್ನು ಕೊಡುವುದು ಗೂಳಿಬಾಚಿ ಎಂಬ ಸಾಮಂತನಿಗೆ. ಕಾಲ 1150ರ ಸುಮಾರು.

ಆದ್ದರಿಂದ ಜಕಣಾಚಾರಿ ಎಂಬುದು ಒಬ್ಬ ವ್ಯಕ್ತಿಯ ಹೆಸರಲ್ಲ, ಒಂದು ಬಗೆಯ ಕೆಲಸಕ್ಕೆ ಜನ ಕೊಟ್ಟ ಹೆಸರು ಎಂದು ಅನೇಕ ವಿದ್ವಾಂಸರು ಭಾವಿಸುತ್ತಾರೆ. 'ದಕ್ಷಿಣಾಚಾರಿ' ಎಂಬ ಮಾತೇ ಹೀಗೆ ಸವೆಯಿತು ಎಂಬ ಊಹೆಯೂ ಉಂಟು. ಬ್ಯಾಡಗಿಯ ವಿದ್ಯಾರ್ಥಿಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಗದಗ ಸೀಮೆಯಲ್ಲಿ ಬೆಳೆದ ಮೆಣಸಿನಕಾಯಿಯೂ ಪೇಟೆಯಲ್ಲಿ 'ಬ್ಯಾಡಗಿ'ಯೇ ಅಲ್ಲವೇ? ಮಹಾರಾಷ್ಟ್ರದಲ್ಲಿಯೂ ಹೀಗೆಯೇ ಆಗಿದೆ. ಅಲ್ಲಿ ಗಾರೆಯಿಲ್ಲದೆ ಕಲ್ಲು ಜೋಡಿಸಿದ ಹಳೆಯ ಗುಡಿಗಳಿಗೆಲ್ಲ ಯಾದವರ ಮಂತ್ರಿ ಹೇಮಾದ್ರಿಯ ಹೆಸರಿನಿಂದ 'ಹೇಮಾಡಪಂತಿ' ಎನ್ನುತ್ತಾರೆ. ಒಂದೇ ವ್ಯತ್ಯಾಸವೆಂದರೆ ಹೇಮಾದ್ರಿ ಇದ್ದನೆಂಬುದಕ್ಕೆ ಆಧಾರವಿದೆ.

ಆದರೆ ನಿಜವಾದ ಶಿಲ್ಪಿಗಳು ಮರೆಯಾಗಿಲ್ಲ. ಬೇಲೂರಿನ ಮದನಿಕೆಯರ ಪೀಠಗಳನ್ನು ನೋಡಿದರೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಎಂಬ ಹೆಸರುಗಳು ಕಾಣುತ್ತವೆ. ಬರೀ ಹೆಸರಲ್ಲ, ಎದುರಾಳಿ ಶಿಲ್ಪಿಗಳನ್ನು ಕೆಣಕುವ ಬಿರುದುಗಳೂ ಇವೆ! ಮಲ್ಲಿತಮ್ಮನ ಹೆಸರು 1196ರ ಅಮೃತಾಪುರದ ಗುಡಿಯಲ್ಲಿಯೂ ಇದೆ, ಅದಕ್ಕಿಂತ ಅರವತ್ತು ವರ್ಷಕ್ಕೂ ಈಚಿನ ಸೋಮನಾಥಪುರದಲ್ಲಿಯೂ ಇದೆ. ಅವನು ಒಬ್ಬನೇ ಆಗಿದ್ದರೆ ದೀರ್ಘಾಯುಷಿಯೇ ಸರಿ.

ಇಷ್ಟು ಸೂಕ್ಷ್ಮ ಕೆಲಸ ಹೇಗೆ ಸಾಧ್ಯವಾಯಿತು? ಬಳಪದ ಕಲ್ಲಿನಿಂದ. ಗಣಿಯಿಂದ ತೆಗೆದಾಗ ಮೆದುವಾಗಿರುವ ಈ ಕಲ್ಲು ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುತ್ತದೆ. ಕಲ್ಲು ಕಡಿಯುವವರು, ಕಂಬ ಕಡೆಯುವವರು, ಬಳ್ಳಿ ಬಿಡಿಸುವವರು, ಅಕ್ಷರ ಕೊರೆಯುವವರು ಎಲ್ಲರೂ ಸೇರಿ ಮಾಡುವ ಕೆಲಸ ಇದು.

ಹಾಗೆಂದು ಜಕಣಾಚಾರಿಯನ್ನು ಅಳಿಸಿಹಾಕಬೇಕೇ? ಇಲ್ಲಿಯೇ ವಾದ ಬಿಸಿಯಾಗುತ್ತದೆ. ವಿಶ್ವಕರ್ಮ ಸಮಾಜದ ಅನೇಕರಿಗೆ ಅವನು ಕುಲದ ಹಿರಿಯ. ರಾಜ್ಯ ಸರ್ಕಾರ ಶಿಲ್ಪಿಗಳಿಗೆ ಕೊಡುವ ಪ್ರಶಸ್ತಿಗೂ ಅವನದೇ ಹೆಸರು. ಅವರ ಮಾತಿನಲ್ಲಿ ಹುರುಳಿದೆ. ಶಾಸನಗಳು ಹೆಚ್ಚಾಗಿ ಹೊಗಳುವುದು ಕಟ್ಟಿಸಿದವರನ್ನು. ಕಟ್ಟಿದವನನ್ನು ನಾಯಕನನ್ನಾಗಿ ಮಾಡಿದ್ದು ಜನರ ಕತೆ. ಆದರೆ ಅದೇ ಕತೆಯ ನೆರಳಿನಲ್ಲಿ ದಾಸೋಜ, ಚಾವಣರು ಉಳಿದುಬಿಟ್ಟರಲ್ಲ ಎಂಬುದು ನನ್ನ ಕೊರಗು. ಜಕಣನ ಕತೆಯನ್ನು ಕತೆಯೆಂದೇ ಹೇಳಿ, ಪಾಠ ಮಾಡುವಾಗ ಇವರ ಹೆಸರನ್ನೂ ಸೇರಿಸಿದರೆ ಯಾರಿಗೂ ನಷ್ಟವಿಲ್ಲ.

ದಾಸೋಜನ ಬಳ್ಳಿಗಾವೆ ಎಲ್ಲಿದೆ ಗೊತ್ತೇ? ನಿಮ್ಮ ಪಕ್ಕದ ಶಿಕಾರಿಪುರ ತಾಲ್ಲೂಕಿನಲ್ಲಿ. ಮುಂದಿನ ಸಲ ಹಳೆಯ ಗುಡಿಗೆ ಹೋದಾಗ ಮೂರ್ತಿಯ ಮುಖ ನೋಡಿದ ಮೇಲೆ ಪೀಠದ ಅಂಚನ್ನೂ ನೋಡಿ. ಸುಣ್ಣದ ಅಡಿಯಲ್ಲಿ ಅಕ್ಷರ ಕಂಡರೆ ಕೆರೆಯಲು ಹೋಗಬೇಡಿ. ಎಲ್ಲಿದೆ ಎಂದು ಗುರುತು ಹಾಕಿಕೊಂಡು ಬಂದು ನಿಮ್ಮ ಇತಿಹಾಸದ ಅಧ್ಯಾಪಕರಿಗೆ ತಿಳಿಸಿ.