ಚಿಗುರಿಗೆ ಮಂಜುಗಡ್ಡೆಯ ಕಂಬಳಿ

ಭೂಮಿ ಬಿಸಿಯಾದ್ರೆ ಹಿಮದ ಕಾಟ ತಪ್ಪುತ್ತೆ ಅಂದ್ಕೊಂಡಿದ್ದೀರಾ? ಫ್ರಾನ್ಸಿನ ಶಾಬ್ಲಿ ಬೆಳೆಗಾರರನ್ನು ಕೇಳಿ. ಬರ್ಗಂಡಿಯ ಉತ್ತರ ತುದಿಯ ಈ ಊರಿನ ಬಿಳಿ ವೈನ್‌ಗೆ ದ್ರಾಕ್ಷಿ ಒಂದೇ, ಶಾರ್ಡೊನೆ. ಸಿಹಿ ಇಲ್ಲ, ನಿಂಬೆಯಂಥ ಚುರುಕು ಹುಳಿ. ಆ ಹುಳಿ ಉಳಿಸೋದೇ ಅಲ್ಲಿನ ಚಳಿ. ಬೆಳೆ ಮುಗಿಸೋದೂ ಅದೇ! 2021ರಲ್ಲಿ ಮಾರ್ಚ್ ಕೊನೆಯ ಬಿಸಿಲಿಗೆ ಬಳ್ಳಿ ಬೇಗ ಚಿಗುರಿತು. ಏಪ್ರಿಲ್ ಹಿಮ ಆ ಚಿಗುರನ್ನು ಸುಟ್ಟಿತು. ಬೆಳೆಗಾರರು ರಾತ್ರಿಯಿಡೀ ತೋಟದಲ್ಲಿ ಮೇಣದ ಡಬ್ಬಿ ಉರಿಸಿದರು.

ಅಲ್ಲಿ ಇನ್ನೊಂದು ಉಪಾಯವೂ ಇದೆ: ಹೆಪ್ಪುಗಟ್ಟುವ ಚಳಿಯಲ್ಲಿ ಚಿಗುರಿನ ಮೇಲೆ ನೀರು ಸಿಂಪಡಿಸೋದು. ಹುಚ್ಚಾಟ ಅನ್ನಬೇಡಿ. ಎಂಜಿನಿಯರಿಂಗ್ ಓದಿದ ನನಗೆ ಇದೇ ಇಷ್ಟವಾಗಿದ್ದು. ನೀರು ಗಡ್ಡೆಯಾಗುವಾಗ ಗ್ರಾಂಗೆ ಸುಮಾರು 80 ಕ್ಯಾಲರಿ ಶಾಖ ಬಿಟ್ಟುಕೊಡುತ್ತೆ. ಒಳಗಿನ ಚಿಗುರು ಸೊನ್ನೆ ಡಿಗ್ರಿ ಆಸುಪಾಸಿನಲ್ಲೇ ಉಳಿಯುತ್ತೆ, ಸಾಯಲ್ಲ. ನಡುರಾತ್ರಿ ಪಂಪ್ ಕೈಕೊಟ್ಟರೆ ಮಾತ್ರ ಚಿಗುರು ಹೋಯ್ತು ಅಂತಲೇ ಲೆಕ್ಕ.